ಬೂದಿಯೂರಿನ ನೀಲಿ ಪೆನ್ಸಿಲು

ಜೂನ್ 3, ಮಂಗಳವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಇದು ದಿನಚರಿಯ ಪುಸ್ತಕವೂ ಅಲ್ಲ. ಹೊಸ ಚಿತ್ರಕಥೆ ಮಾಲಿಕೆಯ ಡಮ್ಮಿ. ಪುಸ್ತಕ ಎಷ್ಟು ದಪ್ಪ ಬರುತ್ತದೆ ಎಂದು ನೋಡಲು ಮುದ್ರಣದವರು ಹೊಲಿದು ಕೊಟ್ಟ ನಲವತ್ತೆಂಟು ಖಾಲಿ ಪುಟ. ಮೇಜಿನ ಮೇಲೆ ಬಿದ್ದಿತ್ತು, ಚೀಲಕ್ಕೆ ಹಾಕಿಕೊಂಡು ಬಂದೆ. ಇಷ್ಟಾದರೂ ನನ್ನದಾಗಲಿ.

ಹನ್ನೆರಡು ವರ್ಷದಿಂದ ನಾನು ಬೇರೆಯವರ ಪೆನ್ಸಿಲ್ ಗೆರೆಯ ಮೇಲೆ ಮಸಿ ಎಳೆಯುತ್ತಿದ್ದೇನೆ. ಕಲಾವಿದರು ಪೆನ್ಸಿಲಿನಲ್ಲಿ ಬರೆದು ಕೊಡುತ್ತಾರೆ, ನಾನು ಕುಂಚ ಹಿಡಿದು ಅದರ ಮೇಲೆ ಮಸಿ ಹಾಕುತ್ತೇನೆ, ಒಣಗಿದ ಮೇಲೆ ರಬ್ಬರಿನಿಂದ ಪೆನ್ಸಿಲನ್ನು ಅಳಿಸುತ್ತಾರೆ. ಕೊನೆಗೆ ಪುಟದಲ್ಲಿ ಉಳಿಯುವುದು ನನ್ನ ಗೆರೆ, ದೊಡ್ಡಕ್ಷರದಲ್ಲಿ ಉಳಿಯುವುದು ಅವರ ಹೆಸರು. "ಮುಂದಿನ ಮಾಲಿಕೆ ನಿಮ್ದೇ. ಪೆನ್ಸಿಲೂ ನಿಮ್ದು, ಮಸಿನೂ ನಿಮ್ದು" ಎಂದು ಸಂಪಾದಕರು ಒಂದಲ್ಲ, ಮೂರು ಸಲ ಹೇಳಿದ್ದರು. ನಂಬಿದೆ.

ಇವತ್ತು ಎಲ್ಲರನ್ನೂ ಕೂರಿಸಿ ಕಥೆ ಹೇಳಿದರು. ಮಾಲಿಕೆಯ ಹೆಸರು 'ಬೂದಿಯೂರು'. ಲೋಕವೆಲ್ಲ ಸುಟ್ಟು ಮುಗಿದ ಮೇಲೆ ಒಂದು ಊರಿನಲ್ಲಿ ಉಳಿದಿರುವವಳು ಬೀಗ ರಿಪೇರಿ ಮಾಡುವ ಒಬ್ಬ ಹೆಂಗಸು ಮಾತ್ರ. ಸಂಚಿಕೆಗೊಂದು ಬಾಗಿಲು ತೆರೆಯುತ್ತಾಳೆ. ಯಾವ ಬಾಗಿಲ ಹಿಂದೆಯೂ ಯಾರೂ ಇರುವುದಿಲ್ಲ. ಕಥೆ ಅವರದೇ. ಕೇಳುತ್ತಿದ್ದ ಹಾಗೆ ನನ್ನ ಬೆರಳು ತಾನಾಗಿಯೇ ಮೇಜಿನ ಮೇಲೆ ಗೆರೆ ಎಳೆಯುತ್ತಿತ್ತು. ನಾನು ಕೊಟ್ಟಿದ್ದ ಆರು ಮಾದರಿ ಪುಟಗಳನ್ನು ಈಗ ಎತ್ತಿ ತೋರಿಸುತ್ತಾರೆ ಎಂದುಕೊಂಡರೆ, ಬೇರೆ ಪುಟ ಎತ್ತಿದರು.

"ಇದರಲ್ಲಿ ಊರು ಖಾಲಿ ಕಾಣ್ಸುತ್ತೆ ನೋಡಿ. ನಿಮ್ದು ತುಂಬಾ ಅಚ್ಚುಕಟ್ಟಾಗಿದೆ" ಎಂದರು ನನಗೆ, ಅಚ್ಚುಕಟ್ಟು ಅನ್ನುವುದು ಒಂದು ರೋಗ ಎಂಬಂತೆ.

ಆ ಪುಟ ನನ್ನ ನಾದಿನಿಯದು. ನಮ್ಮನೆಯವರ ಒಡಹುಟ್ಟಿದ ತಂಗಿ. ಎರಡು ವರ್ಷದ ಹಿಂದೆ ಅಂಗಡಿ ಕೆಲಸ ಬಿಟ್ಟು ಮಂಕಾಗಿ ಕೂತಿದ್ದವಳನ್ನು, ಪಾಪ ಎಂದು, ನಾನೇ ಕಛೇರಿಗೆ ಕರೆದುಕೊಂಡು ಹೋದೆ. ಪೆನ್ಸಿಲ್ ಅಳಿಸುವ ಕೆಲಸಕ್ಕೆ. ಬೆರಳು ಕೊಟ್ಟರೆ ಹಸ್ತ ನುಂಗಿದಳು. ನನ್ನ ಪಕ್ಕದಲ್ಲೇ ಕೂತು ಅಳಿಸುತ್ತಾ ಅಳಿಸುತ್ತಾ ಕಲಿತುಬಿಟ್ಟಿದ್ದಾಳೆ, ನನಗೇ ತಿಳಿಯಲಿಲ್ಲ.

ಜೂನ್ 5, ಗುರುವಾರ

ನಮ್ಮನೆಯವರು ಸಿಹಿ ತಂದರು. ಅವರದು ಹಲ್ಲಿನ ಸೆಟ್ ಕಟ್ಟುವ ಕೆಲಸ. ದಿನವಿಡೀ ಊರವರ ದವಡೆಯ ಅಚ್ಚು ನೋಡಿ ನೋಡಿ ಮನುಷ್ಯರ ಮುಖದಲ್ಲಿ ಬೇರೇನೂ ಅವರಿಗೆ ಕಾಣುವುದಿಲ್ಲ, ಹೆಂಡತಿಯ ಕಣ್ಣಂತೂ ಕಾಣುವುದೇ ಇಲ್ಲ.

"ಒಂದೇ ಮನೇಲಿ ಇಬ್ಬರು ಕಲಾವಿದರು" ಎಂದರು.

"ಒಬ್ಬಳು ಕಲಾವಿದೆ. ಇನ್ನೊಬ್ಬಳು ಮಸಿ ಬಳಿಯೋಳು."

"ಮಸಿ ಇಲ್ದೆ ಚಿತ್ರ ಕಾಣ್ಸುತ್ತಾ?"

ನಾದಿನಿ ತಲೆ ಎತ್ತಲಿಲ್ಲ. ಬಡಿಸಿದ್ದನ್ನು ತಿಂದು ಒಳಕೋಣೆಗೆ ಹೋದಳು. ಆ ಕೋಣೆ ನನ್ನ ಚಿತ್ರದ ಕೋಣೆಯಾಗಿತ್ತು. ಅವಳು ಬಂದ ಮೇಲೆ ನನ್ನ ಮೇಜು ಬಚ್ಚಲಿನ ಪಕ್ಕದ ಓಣಿಗೆ ಬಂದಿದೆ. ಅದನ್ನೂ ನಾನೇ ಎತ್ತಿ ಇಟ್ಟಿದ್ದೆ.

ಜೂನ್ 17, ಮಂಗಳವಾರ

ಮೊದಲ ಎಂಟು ಪುಟ ನನ್ನ ಮೇಜಿಗೆ ಬಂತು. ಅಳಿಸಲು ಹೊಸಬರನ್ನು ತೆಗೆದುಕೊಂಡಿಲ್ಲ, ಹಾಗಾಗಿ ಅವಳ ಪೆನ್ಸಿಲನ್ನು ಅಳಿಸುವುದೂ ಈಗ ನನ್ನ ಪಾಲಿಗೇ. ಕಾಲಚಕ್ರ ಅಂದರೆ ಇದೇ ಇರಬೇಕು.

ಅವಳು ಮೊದಲು ತಿಳಿನೀಲಿ ಪೆನ್ಸಿಲಿನಲ್ಲಿ ಗೀಚಿಕೊಂಡು, ಆಮೇಲೆ ಕಪ್ಪು ಪೆನ್ಸಿಲಿನಲ್ಲಿ ತಿದ್ದುತ್ತಾಳೆ. ತಪ್ಪಲ್ಲ, ಪುಟವನ್ನು ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾಕ್ಕೆ ತಿಳಿನೀಲಿ ಕಾಣುವುದಿಲ್ಲ, ಅಚ್ಚಿನಲ್ಲಿ ಬರುವುದಿಲ್ಲ. ಕಪ್ಪಿಗೆ ಮಸಿ, ನೀಲಿ ಮುಟ್ಟಬಾರದು, ಇದು ನಮ್ಮ ಕಛೇರಿಯ ಮೊದಲ ಪಾಠ. ಅವಳಿಗೆ ಹೇಳಿಕೊಟ್ಟವಳೂ ನಾನೇ.

ಆದರೆ ಇವಳು ಪುಟದ ಬದಿಯಲ್ಲಿ ನೀಲಿಯಲ್ಲಿ ನನಗೆ ಮಾತು ಬೇರೆ ಬರೆದಿದ್ದಾಳೆ. 'ಅತ್ತಿಗೆ, ಈ ಗೋಡೆ ನಿಮ್ಮ ಕೈಗೆ ಬಿಟ್ಟಿದ್ದೇನೆ.' 'ಅತ್ತಿಗೆ, ಇಲ್ಲಿ ಕತ್ತಲು ಎಷ್ಟು ಬೇಕೋ ನಿಮಗೇ ಗೊತ್ತು.' ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದಾಳೆ, ಬಾಯಿ ಬಿಟ್ಟು ಹೇಳಲು ಏನು ಕಷ್ಟ? ನನಗೆ ಅಪ್ಪಣೆ ಕೊಡುವಷ್ಟು ದೊಡ್ಡವಳಾದಳು. ಓದಿಯೂ ಓದದವಳಂತೆ ಕೆಲಸ ಮುಗಿಸಿದೆ. ಕತ್ತಲು ಎಷ್ಟು ಬೇಕೆಂದು ನನಗೆ ಗೊತ್ತು, ಹಾಕಿದೆ.

ಜುಲೈ 9, ಬುಧವಾರ

ಮೊದಲ ಸಂಚಿಕೆ ಬಂತು. ನಾಲ್ಕು ಸಾವಿರ ಪ್ರತಿ. ಒಳಪುಟದಲ್ಲಿ 'ಚಿತ್ರ' ಎಂದು ಅವಳ ಹೆಸರು ಹೆಬ್ಬೆರಳಿನ ಗಾತ್ರ. 'ಮಸಿ' ಎಂದು ನನ್ನದು, ಇರುವೆ ಸಾಲಿನಲ್ಲಿ ಕೊನೆಯ ಇರುವೆ. ನಮ್ಮನೆಯವರು ಐದು ಪ್ರತಿ ಕೊಂಡು ಹಲ್ಲು ಕಟ್ಟಿಸಿಕೊಳ್ಳಲು ಬರುವವರಿಗೆಲ್ಲ ತೋರಿಸುತ್ತಿದ್ದಾರಂತೆ, ನನ್ನ ತಂಗಿ ನನ್ನ ತಂಗಿ ಎಂದು. ಬಾಯಿ ತೆರೆದು ಕೂತವರು ಇಲ್ಲ ಅನ್ನುವುದಾದರೂ ಹೇಗೆ?

ಜುಲೈ 24, ಗುರುವಾರ

ಓದುಗರ ಪತ್ರ ಹನ್ನೊಂದು ಬಂದವು. ಒಬ್ಬರು ಬರೆದಿದ್ದಾರೆ, 'ಮೆಟ್ಟಿಲ ಕೆಳಗಿನ ಆ ಕತ್ತಲು ನೋಡಿ ನನಗೆ ಉಸಿರು ಕಟ್ಟಿತು, ಕಲಾವಿದೆಗೆ ನನ್ನ ನಮಸ್ಕಾರ.' ಮೆಟ್ಟಿಲ ಕೆಳಗೆ ಕಲಾವಿದೆ ಬರೆದದ್ದು ಏನೂ ಇಲ್ಲ. ನಾಲ್ಕು ಗೆರೆಯ ಚೌಕ, ಅದರೊಳಗೆ ನೀಲಿಯಲ್ಲಿ 'ಅತ್ತಿಗೆ' ಎಂದು ಒಂದು ಪದ, ಅಷ್ಟೇ. ಕತ್ತಲು ಪೂರ್ತಿ ನನ್ನದು. ಒಂದೂವರೆ ಗಂಟೆ ಬಗ್ಗಿ ಹಾಕಿದ ಕತ್ತಲು.

ಸಂಪಾದಕರು ಅದನ್ನು ಜೋರಾಗಿ ಓದಿದರು. ನಾದಿನಿ, "ಅದು ಅತ್ತಿಗೇದು" ಎಂದಳು. ಬೇರೆ ಯಾರ ಕಿವಿಗೂ ಬೀಳದಷ್ಟು ಮೆತ್ತಗೆ. ಹೇಳುವುದಾದರೆ ಕೇಳುವಂತೆ ಹೇಳಬೇಕು. ಇದು ಗಾಯಕ್ಕೆ ಉಪ್ಪು ಸವರಿ ಊದುವ ಜಾಣತನ.

ಆಗಸ್ಟ್ 20, ಬುಧವಾರ

ಎರಡನೆಯ ಸಂಚಿಕೆ ಹತ್ತು ದಿನ ತಡ. ಸಾಲದ್ದಕ್ಕೆ ಮುಖಪುಟದ ಬಣ್ಣ ಕೆಟ್ಟು ಬೂದಿಯೆಲ್ಲ ಗುಲಾಬಿಯಾಗಿದೆ. ಲೋಕ ಸುಟ್ಟಂತಿಲ್ಲ, ಲೋಕಕ್ಕೆ ಮದುವೆಯಾದಂತಿದೆ. ಅಂಗಡಿಗಳಿಂದ ಅರ್ಧಕ್ಕರ್ಧ ವಾಪಸು ಬಂತು. ಕಟ್ಟು ಕಟ್ಟಿ ಮೆಟ್ಟಿಲ ಮೇಲೆ ಪೇರಿಸಿದ್ದಾರೆ, ದಾಟಿಕೊಂಡು ಓಡಾಡಬೇಕು.

ಸಂಜೆ ಸಂಪಾದಕರು ನನ್ನೊಬ್ಬಳನ್ನೇ ನಿಲ್ಲಿಸಿದರು. "ಮೂರನೇದೂ ಹೀಗೇ ಆದ್ರೆ ಮುಚ್ಚೋದೇ. ಆಮೇಲೆ ಹೊಸದು ಶುರು ಮಾಡ್ತೀನಿ. ಅದು ಮಾತ್ರ ಖಂಡಿತಾ ನಿಮ್ಗೆ."

"ಮೂರು ಸಲ ಹೇಳಿದೀರಿ."

"ಈ ಸಲ ಬರೆದು ಕೊಡ್ಲಾ?"

ಬೇಡ ಎಂದೆ. ಮನೆಗೆ ಬರುವಾಗ ಹಗುರವಾಗಿ ನಡೆದೆ. ಬೂದಿಯೂರು ಮುಳುಗಿದರೆ ನನ್ನ ದೋಣಿ ತೇಲುತ್ತದೆ. ಕೆಟ್ಟ ಯೋಚನೆ ಎಂದು ಗೊತ್ತು. ಇಲ್ಲಿ ಬರೆದಿಟ್ಟರೆ ಯಾರು ಓದುತ್ತಾರೆ?

ಸೆಪ್ಟೆಂಬರ್ 4, ಗುರುವಾರ

ಮಾಡಿಬಿಟ್ಟೆ.

ಮೂರನೆಯ ಸಂಚಿಕೆಯ ಕೊನೆಯ ಚಿತ್ರ. ಬೀಗದವಳು ಚಾವಿ ಗೊಂಚಲು ಹಿಡಿದು ಬೀದಿಯಲ್ಲಿ ಬೆನ್ನು ತಿರುಗಿಸಿ ಹೋಗುತ್ತಿದ್ದಾಳೆ. ಹಿಂದೆ ಸಾಲು ಮನೆ. ಎರಡನೆಯ ಮಹಡಿಯ ಒಂದು ಕಿಟಕಿಯಲ್ಲಿ ನಾದಿನಿ ನೀಲಿಯಲ್ಲಿ ಒಂದು ಮುಖ ಗೀಚಿದ್ದಳು. ಕೈ ಆಡಿಸುತ್ತಾ ಯೋಚನೆ ಮಾಡುವ ಚಟ ಅವಳದು. ಬದಿಯಲ್ಲಿ ಮಾತೇನೂ ಬರೆದಿರಲಿಲ್ಲ. ಬೆರಳಿನ ಉಗುರಿನಷ್ಟು ಮುಖ. ಕ್ಯಾಮೆರಾಕ್ಕೆ ಕಾಣುವುದಿಲ್ಲ, ಓದುವವರಿಗೂ ಕಾಣುವುದಿಲ್ಲ.

ಕಥೆಯ ಬುನಾದಿಯೇ ಊರಲ್ಲಿ ಇನ್ನೊಬ್ಬರಿಲ್ಲ ಎಂಬುದು. ಆ ಕಿಟಕಿಯಲ್ಲಿ ಮುಖ ಬಂದರೆ ಕಥೆ ಕುಸಿಯುತ್ತದೆ, ಬೈಗುಳ ಬರೆದವಳಿಗೆ ಬೀಳುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಿದ್ದರು. ಸಣ್ಣ ಕುಂಚ ತೆಗೆದು ಆ ಮುಖಕ್ಕೆ ಮಸಿ ಹಾಕಿದೆ. ಕೆಳಗಿನ ನೀಲಿ ಒಂದಿಷ್ಟೂ ಇಣುಕದಂತೆ ಒತ್ತಿ ಹಾಕಿದೆ. ಕಣ್ಣು, ಮೂಗಿನ ನೆರಳು, ಬಿಗಿದ ತುಟಿ. ಆಮೇಲೆ ಪುಟಕ್ಕೆ ರಬ್ಬರ್ ಹಾಕಿ, ಹೊಟ್ಟು ಉದುರಿಸಿ, ಲಕೋಟೆಗೆ ಸೇರಿಸಿ ಮುದ್ರಣಕ್ಕೆ ಕೊಟ್ಟೆ. ಕೇಳಿದರೆ ಮೋಡದ ಬೆಳಕಿನಲ್ಲಿ ನೀಲಿಯೋ ಕಪ್ಪೋ ತಿಳಿಯಲಿಲ್ಲ ಎಂದರಾಯಿತು.

ಸೆಪ್ಟೆಂಬರ್ 5, ಶುಕ್ರವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನದಿದ್ದರೂ ದಿನವೆಲ್ಲ ಮುಟ್ಟಿ ನೋಡಿಕೊಂಡೆ.

ಸೆಪ್ಟೆಂಬರ್ 23, ಮಂಗಳವಾರ

ಮೂರನೆಯ ಸಂಚಿಕೆ ಬಂತು. ಸಂಪಾದಕರು ಅಚ್ಚಾದ ಪ್ರತಿ ತಿರುವುತ್ತಾ ಕೊನೆಯ ಪುಟದಲ್ಲಿ ನಿಂತರು. ಅವರ ಕಿವಿ ಕೆಂಪಾದದ್ದು ನನ್ನ ಜಾಗದಿಂದಲೇ ಕಂಡಿತು.

"ಇದ್ಯಾರು? ಈ ಕಿಟಕೀಲಿ ಯಾರಿದು? ಊರೆಲ್ಲ ಸತ್ತಿದೆ ಅಂತ ಮೂರು ಸಂಚಿಕೆಯಿಂದ ಬಡ್ಕೊಳ್ತಿದೀನಿ. ಇದಕ್ಕೆ ಯಾರು ಮಸಿ ಹಾಕಿದ್ದು?"

ನಾನು ಬಾಯಿ ತೆರೆದೆ, ಮೋಡದ ಬೆಳಕು ಎನ್ನಲು. ಅಷ್ಟರಲ್ಲಿ ನಾದಿನಿ ಎದ್ದು ನಿಂತಳು.

"ತಪ್ಪು ನಂದೇ ಸರ್. ಕಪ್ಪು ಪೆನ್ಸಿಲಲ್ಲೇ ಬರೆದಿದ್ದೆ. ಅತ್ತಿಗೆ ಇದ್ದಿದ್ದಕ್ಕೆ ಮಸಿ ಹಾಕಿದಾರೆ."

ಒಂದು ತಾಸು ಬೈಸಿಕೊಂಡಳು. ಬರುವ ತಿಂಗಳ ಕೊನೆಗೆ ಮಾಲಿಕೆ ಮುಚ್ಚುವುದಾಗಿ ಸಂಪಾದಕರು ಸಾರಿದರು. ಅವಳು ತನ್ನ ಜಾಗಕ್ಕೆ ಬಂದು ಕೂತು ಪೆನ್ಸಿಲ್ ಚೂಪು ಮಾಡತೊಡಗಿದಳು. ನನ್ನ ಕಡೆ ಒಂದೇ ಒಂದು ಸಲ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ದೊಡ್ಡತನ ತೋರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಕ್ಟೋಬರ್ 7, ಮಂಗಳವಾರ

ಇವತ್ತು ಹದಿನೆಂಟು ಪತ್ರ. ಎಲ್ಲದರಲ್ಲೂ ಒಂದೇ ಪ್ರಶ್ನೆ, ಕಿಟಕಿಯಲ್ಲಿ ಇರುವವರು ಯಾರು?

ಅಕ್ಟೋಬರ್ 10, ಶುಕ್ರವಾರ

ಇಪ್ಪತ್ತಾರು. ಮೆಟ್ಟಿಲ ಮೇಲೆ ಪೇರಿಸಿದ್ದ ಗುಲಾಬಿ ಬೂದಿಯ ಕಟ್ಟುಗಳನ್ನೂ ಅಂಗಡಿಯವರು ಬಂದು ಒಯ್ದರು. ನಾಳೆ ಪತ್ರ ಮೂವತ್ತು ದಾಟಿದರೆ ನಾನು ಊಟ ಬಿಡುತ್ತೇನೆ.

ಅಕ್ಟೋಬರ್ 11, ಶನಿವಾರ

ನಲವತ್ತೊಂದು. ಊಟ ಮಾಡಿದೆ.

ಅಕ್ಟೋಬರ್ 15, ಬುಧವಾರ

ಮುಚ್ಚುವ ಮಾತು ಹೋಯಿತು. ನಾಲ್ಕನೆಯದು ಒಂಬತ್ತು ಸಾವಿರ ಪ್ರತಿಯಂತೆ. ಒಂದು ಪತ್ರಿಕೆಯಲ್ಲಿ ಅವಳ ಬಗ್ಗೆ ಬರೆದಿದ್ದಾರೆ: 'ಖಾಲಿ ಊರಿನಲ್ಲಿ ಒಂದು ಮುಖ ಇಡುವ ಎದೆಗಾರಿಕೆ.' ಸಂಪಾದಕರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ಕಥೆಗೆ ಈ ತಿರುವು ಮೊದಲಿಂದಲೂ ತಮ್ಮ ಮನಸ್ಸಿನಲ್ಲಿತ್ತು ಎಂದು ನೆನಪಾಗಿದೆಯಂತೆ.

ಕೆಡಿಸಲು ಹೋಗಿ ಕಟ್ಟಿಕೊಟ್ಟೆ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ, ಆ ಕಲ್ಲಿನ ಮೇಲೆ ಅವಳು ಹತ್ತಿ ನಿಂತಳು. ನನ್ನದು ಎಂದು ಹೇಳಿಕೊಳ್ಳಬೇಕಾದರೆ ಯಾಕೆ ಮಾಡಿದೆ ಎಂದೂ ಹೇಳಬೇಕು. ಬಾಯಿಗೆ ನಾನೇ ಬೀಗ ಹಾಕಿಕೊಂಡೆ, ತೆರೆಯಲು ಯಾವ ಬೀಗದವಳೂ ಬರುವುದಿಲ್ಲ.

ನವೆಂಬರ್ 13, ಗುರುವಾರ

ನಾಲ್ಕನೆಯ ಸಂಚಿಕೆಯಲ್ಲಿ ಆ ಮುಖ ಇಡೀ ಅರ್ಧ ಪುಟ ಇದೆ. ಗಾಜಿನ ಹಿಂದಿನಿಂದ ಬೀದಿ ನೋಡುತ್ತಿರುವ ಹೆಂಗಸು. ಅದಕ್ಕೆ ಮಸಿ ಹಾಕಲು ನನಗೆ ಎರಡು ದಿನ ಬೇಕಾಯಿತು. ಅವಳ ಮೇಲೆ ಎಷ್ಟೇ ಉರಿಯಿದ್ದರೂ ಹೇಳಬೇಕಾದ್ದು ಹೇಳಬೇಕು, ಆ ರೆಪ್ಪೆಯ ಗೆರೆ ಪೆನ್ಸಿಲಿನಲ್ಲಿ ಹೇಗಿತ್ತೆಂದರೆ, ಅದರ ಮೇಲೆ ಕುಂಚ ಇಡುವ ಮುಂಚೆ ನಾನು ಕೈ ತೊಳೆದುಕೊಂಡು ಬಂದೆ. ಬದಿಯಲ್ಲಿ ನೀಲಿಯಲ್ಲಿ ಬರೆದಿದ್ದಳು, 'ಅತ್ತಿಗೆ, ಮೊನ್ನೆಯ ಹಾಗೇ ಒತ್ತಿ.'

ಇವತ್ತು ಪ್ರತಿ ಮನೆಗೆ ಬಂತು. ನಮ್ಮನೆಯವರು ಚಹಾ ಕುಡಿಯುತ್ತಾ ಆ ಪುಟ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ನೀನಲ್ವೇನೆ?"

"ನಾನ್ಯಾಕೆ ಇರ್ಲಿ?"

"ಈ ದವಡೆ ನಂಗೆ ಗೊತ್ತಿಲ್ವಾ? ಸಿಟ್ಟು ಬಂದಾಗ ಎಡಗಡೆ ಹಲ್ಲು ಕಚ್ತೀಯಲ್ಲ, ಇಲ್ಲಿ ಗಂಟು ಬರುತ್ತೆ. ನೋಡು, ಇದೇ ಗಂಟು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ."

ಹಲ್ಲಿನವರ ಮಾತು ಯಾರು ಕೇಳುತ್ತಾರೆ ಎಂದು ಎದ್ದು ಬಂದೆ. ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡೆ. ಗಂಟು ಇದೆ.

ನವೆಂಬರ್ 14, ಶುಕ್ರವಾರ

ಕೇಳಿಯೇ ಬಿಟ್ಟೆ. ಬಸ್ಸಿಗೆ ನಿಂತಿದ್ದಾಗ. "ಕಿಟಕೀಲಿ ನನ್ನ ಮುಖ ಯಾಕೆ ಬರೆದೆ?"

"ಬರೀಬೇಕು ಅಂತಲ್ಲ ಅತ್ತಿಗೆ. ಕೈ ಓಡದೇ ಇದ್ದಾಗ ತಲೆ ಎತ್ತಿದ್ರೆ ಎದುರಿಗೆ ಕಾಣೋರು ನೀವೊಬ್ರೇ."

ಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು. ನೀವು ಕೂತ್ಕೊಳ್ಳಿ, ನೀನು ಕೂತ್ಕೋ ಎನ್ನುವಷ್ಟರಲ್ಲಿ ಇನ್ಯಾರೋ ಕೂತರು.

ಡಿಸೆಂಬರ್ 16, ಮಂಗಳವಾರ

ಬೇರೆ ಊರಿನ ದೊಡ್ಡ ಪ್ರಕಾಶನದಿಂದ ಒಬ್ಬರು ಬಂದಿದ್ದರು. ಬೋಳುತಲೆ, ಒಳ್ಳೆಯ ಬೂಟು. ಅವರ ಮುಂದೆ ಮೂರನೆಯ ಸಂಚಿಕೆಯ ಕೊನೆಯ ಪುಟ ತೆರೆದಿತ್ತು. ನಮ್ಮ ಸಂಪಾದಕರು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದರು, ಮಗಳನ್ನು ನೋಡಲು ಬಂದವರೆದುರು ನಿಂತ ಹಾಗೆ.

"ನಾನು ಸುತ್ತಿ ಬಳಸಿ ಮಾತಾಡಲ್ಲ" ಎಂದರು ಬೂಟಿನವರು. "ಚೆನ್ನಾಗಿ ಬರೆಯೋರು ನಮ್ಮಲ್ಲಿ ತುಂಬ ಜನ ಇದಾರೆ. ಈ ಮುಖ ಇಲ್ಲಿ ಇರ್ಬೇಕು ಅಂತ ಯಾರಿಗೆ ಹೊಳೀತೋ ಅವರು ನಮ್ಗೆ ಬೇಕು. ಅವರದ್ದೇ ಒಂದು ಮಾಲಿಕೆ ಕೊಡ್ತೀವಿ. ಯಾರದು ಇದು?"

ಸಂಪಾದಕರು ಕೆಮ್ಮಿದರು. ಹನ್ನೆರಡು ವರ್ಷ. ನನ್ನದು ಎನ್ನಲು ಒಂದೇ ಪದ ಸಾಕಿತ್ತು. ಆ ಪದವನ್ನು ನಾದಿನಿ ಹೇಳಿದಳು.

"ಅತ್ತಿಗೇದು." ಈ ಸಲ ಎಲ್ಲರಿಗೂ ಕೇಳಿಸುವಂತೆ. "ನಾನು ನೀಲೀಲಿ ಸುಮ್ನೆ ಗೀಚಿದ್ದೆ ಸರ್. ಅದು ಅಚ್ಚಿಗೆ ಬರೋದಲ್ಲ. ಮಸಿ ಹಾಕ್ಬೇಕು ಅಂತ ಅನ್ಸಿದ್ದು ಅವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು.

"ಇಲ್ಲ" ಎಂದೆ. "ಬರೆದೋಳು ಅವಳು. ನಂಗೆ ಕಣ್ಣು ಸರಿಯಿಲ್ಲ, ನೀಲೀನ ಕಪ್ಪು ಅಂದ್ಕೊಂಡೆ. ಕತ್ತಲು ಎಲ್ಲಿ ಬೇಕು, ಖಾಲಿ ಎಲ್ಲಿ ಬೇಕು ಅಂತ ಹೊಳೆಯೋದು ಅವಳಿಗೇ. ಬೇಕಿದ್ರೆ ಬೇರೆ ಪುಟ ತೆಗೆದು ನೋಡಿ."

ಅವರು ನೋಡಿದರು. ನಾನೇ ಲಕೋಟೆಯಿಂದ ತೆಗೆತೆಗೆದು ತೋರಿಸಿದೆ. ಇದು ಅವಳದು, ಇದೂ ಅವಳದು. ಮೆಟ್ಟಿಲ ಕೆಳಗಿನ ಕತ್ತಲನ್ನೂ ಅವಳ ಲೆಕ್ಕಕ್ಕೇ ಹಾಕಿದೆ.

ಯಾಕೆ ಹಾಗಂದೆ ಎಂದು ಈಗ ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ. ನಾದಿನಿಯ ಕೈಯಿಂದ ಭಿಕ್ಷೆ ತೆಗೆದುಕೊಳ್ಳಲು ನನ್ನ ಜಂಭ ಒಪ್ಪಲಿಲ್ಲ. ಬೇರೇನೂ ಇಲ್ಲ.

ಮನೆಗೆ ಬಂದ ಮೇಲೆ ಅವಳು ಓಣಿಯಲ್ಲಿ ನನ್ನ ಮೇಜಿನ ಹತ್ತಿರ ನಿಂತಳು. "ಯಾಕೆ ಸುಳ್ಳು ಹೇಳಿದ್ರಿ?"

"ಅವತ್ತು ನೀನ್ಯಾಕೆ ಹೇಳಿದೆ?"

"ನೀವು ಸಿಟ್ಟಲ್ಲಿ ಹಾಕಿದ ಗೆರೆ ನಂಗೆ ಗೊತ್ತಾಗುತ್ತೆ ಅತ್ತಿಗೆ. ಎರಡು ವರ್ಷ ಅದರ ಕೆಳಗಿನ ಪೆನ್ಸಿಲ್ ಅಳಿಸಿದೀನಿ. ಆ ಮುಖ ಅಷ್ಟು ಚೆನ್ನಾಗಿ ಬಂದಿದ್ದು ಅದಕ್ಕೇ."

ಹೋಗಿ ಬಟ್ಟೆ ಮಡಚು ಎಂದೆ.

ಜನವರಿ 20, ಮಂಗಳವಾರ

ಐದನೆಯ ಸಂಚಿಕೆ ಬಂತು. ಬೀಗದವಳು ಆ ಮನೆಯ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತು, ಚಾವಿ ಹಾಕುತ್ತಾಳೆ. ಕೊನೆಯಲ್ಲಿ 'ಆರನೆಯ ಸಂಚಿಕೆಯಲ್ಲಿ ಬಾಗಿಲು ತೆರೆಯುತ್ತದೆ' ಎಂದು ಅಚ್ಚಾಗಿದೆ. ಹನ್ನೆರಡು ಸಾವಿರ ಪ್ರತಿ.

ನಾದಿನಿ ನಿನ್ನೆ ಬೆಳಗಿನ ರೈಲಿಗೆ ಬೂಟಿನವರ ಊರಿಗೆ ಹೋದಳು. ಒಂದು ಪೆಟ್ಟಿಗೆ, ಒಂದು ಚಾಪೆಯ ಸುರುಳಿ. ಅಣ್ಣನೆಂಬ ಮಹಾಶಯರು ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೆದುರು ಅತ್ತರು. ನಾನು ಅಳಲಿಲ್ಲ. ನನ್ನ ಸಣ್ಣ ಕುಂಚಗಳಲ್ಲಿ ಒಂದನ್ನು ಅವಳ ಚೀಲದ ಬದಿಗೆ ಸಿಕ್ಕಿಸಿದ್ದೆ, ಅದು ನನಗೆ ಹೇಗೂ ಹಳತಾಗಿತ್ತು.

ಇವತ್ತು ಸಂಪಾದಕರು ಕರೆದರು. "ಆರನೇದು ನೀವೇ ಬರೀರಿ. ಪೆನ್ಸಿಲೂ ನಿಮ್ದು, ಮಸಿನೂ ನಿಮ್ದು. ಒಳಪುಟದಲ್ಲಿ ನಿಮ್ಮ ಹೆಸರು ಅವಳದಷ್ಟೇ ದೊಡ್ಡದು. ಮುಂದಿನ ಹತ್ತು ಸಂಚಿಕೆನೂ ನಿಮ್ದೇ."

ಕೊನೆಗೂ. ಒಳಕೋಣೆಗೆ ಮೇಜು ವಾಪಸು ತಂದೆ.

ಫೆಬ್ರವರಿ 5, ಗುರುವಾರ

ಒಂಬತ್ತು ಪುಟ ಬರೆದೆ. ಎಲ್ಲ ಸರಿಯಾಗಿದೆ. ಬೀದಿಯ ಒಂದೊಂದು ಕಲ್ಲೂ ನೇರ.

ಫೆಬ್ರವರಿ 11, ಬುಧವಾರ

ಒಂಬತ್ತನ್ನೂ ಗೋಡೆಗೆ ಚುಚ್ಚಿ ದೂರ ನಿಂತು ನೋಡಿದೆ. ಊರು ಖಾಲಿ ಇಲ್ಲ. ಜನ ಇಲ್ಲದ ಊರು ಬೇರೆ, ಖಾಲಿ ಊರು ಬೇರೆ. ಸಂಪಾದಕರು ಜೂನ್‌ನಲ್ಲಿ ಹೇಳಿದ್ದು ಸರಿ ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದಾಯಿತು.

ಒಂಬತ್ತು ಪುಟದ ಬದಿಯೂ ಬಿಳಿ. ಮಸಿ ಹಾಕಲು ಕೂತಾಗಲೆಲ್ಲ ಮೊದಲು ಬದಿ ನೋಡುತ್ತೇನೆ. ಅಲ್ಲಿ ಏನು ಇರುತ್ತದೆ, ನಾನೇ ಬರೆಯಬೇಕಷ್ಟೇ. ಅಭ್ಯಾಸ ಬಲ.

ಫೆಬ್ರವರಿ 17, ಮಂಗಳವಾರ

ಸಂಪಾದಕರಿಗೆ ಹೇಳಿದೆ, "ಮುಚ್ಚಿಬಿಡಿ."

"ಏನು ಮುಚ್ಚೋದು? ಹನ್ನೆರಡು ಸಾವಿರ ಹೋಗ್ತಿದೆ. ಹನ್ನೆರಡು ವರ್ಷ ಇದನ್ನೇ ಕೇಳಿದ್ರಲ್ರೀ."

"ಕೇಳಿದ್ದು ನಂದೊಂದು ಬೇಕು ಅಂತ. ಇದು ಅವಳದು."

"ಹಾಗಾದ್ರೆ ಹೊರಗಿನಿಂದ ಯಾರನ್ನಾದ್ರೂ ಕರೆಸ್ತೀನಿ."

"ಕರೆಸಿ. ಮಸಿ ಹಾಕೋಕೂ ಅವರನ್ನೇ ಇಟ್ಕೊಳ್ಳಿ."

ಅವರು ನನ್ನ ದವಡೆ ನೋಡಿರಬೇಕು. ಬೂದಿಯೂರು ಮುಚ್ಚುತ್ತೇನೆ, ಯಾರನ್ನೂ ಕರೆಸುವುದಿಲ್ಲ ಎಂದು ಸಂಜೆ ಹೇಳಿ ಕಳುಹಿಸಿದರು. ಹೊಸ ಮಾಲಿಕೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶಾಲೆಯ ಭೂಪಟಗಳ ಕೆಲಸ ಬಂದಿದೆಯಂತೆ, ನದಿಗಳಿಗೆ ಮಸಿ ಹಾಕಬೇಕು. ಇನ್ನೊಬ್ಬರ ಎಂಜಲು ನನಗೆ ಬೇಡವಾಗಿತ್ತು, ಅದಕ್ಕೇ ಬಿಟ್ಟೆ. ಮೇಜು ಮತ್ತೆ ಓಣಿಗೆ ಬಂತು. ಒಳಕೋಣೆಯಲ್ಲಿ ಅವಳ ಹಾಸಿಗೆ ಇದ್ದ ಜಾಗ ಹಾಗೇ ಇರಲಿ, ರಜೆಗೆ ಬಂದರೆ ಎಲ್ಲಿ ಮಲಗುತ್ತಾಳೆ?

ಮಾರ್ಚ್ 12, ಗುರುವಾರ

ಬಾಗಿಲು ಯಾವಾಗ ತೆರೆಯುತ್ತದೆ ಎಂದು ಇನ್ನೂ ಪತ್ರ ಬರುತ್ತಿವೆ. ಸಂಪಾದಕರು ಓದುವುದಿಲ್ಲ, ನಾನು ಓದುತ್ತೇನೆ. ಒಬ್ಬಳು ಬರೆದಿದ್ದಾಳೆ, ಒಳಗಿನವಳೇ ಬಂದು ತೆರೆಯಲಿ ಎಂದು.

ಏಪ್ರಿಲ್ 21, ಮಂಗಳವಾರ

ಅವಳ ಹೊಸ ಮಾಲಿಕೆಯ ಮೊದಲ ಸಂಚಿಕೆ ಬಂತು. ನಮ್ಮನೆಯವರು ಹತ್ತು ಪ್ರತಿ ತಂದರು. ದಪ್ಪ ಕಾಗದ, ನಾಲ್ಕು ಬಣ್ಣ. ಅವಳ ಹೆಸರು ಮುಖಪುಟದಲ್ಲೇ ಇದೆ. ನೋಡಿ ನನಗೇನೂ ಆಗಲಿಲ್ಲ, ನಿಜ ಹೇಳುತ್ತೇನೆ. ಒಳಪುಟ ತೆರೆದೆ. 'ಮಸಿ' ಎಂದು ಯಾರದೋ ಹೆಸರು.

ಹೊಟ್ಟೆ ಉರಿದುಹೋಯಿತು. ಜೂನ್‌ನಲ್ಲೂ ಇಷ್ಟು ಉರಿದಿರಲಿಲ್ಲ. ಭೂತಗನ್ನಡಿ ಹಿಡಿದು ಪುಟ ಪುಟ ನೋಡಿದೆ. ಯಾರವನು? ಎಲ್ಲ ಗೆರೆಯೂ ಒಂದೇ ದಪ್ಪ, ಪೈಪಿನಿಂದ ಹಿಂಡಿದಂತೆ. ಏಳನೆಯ ಪುಟದ ಮುದುಕಿಯ ರೆಪ್ಪೆ ಸತ್ತೇ ಹೋಗಿದೆ. ಅವಳು ಅಲ್ಲಿ ಗೆರೆ ಎತ್ತಿ ಬಿಟ್ಟಿರುತ್ತಾಳೆ, ನನಗೆ ಗೊತ್ತಿಲ್ಲವೇ, ಇವನು ಹೋಗಿ ಮುಚ್ಚಿದ್ದಾನೆ. ಕತ್ತಲಿಗೆ ಬಿಟ್ಟ ಜಾಗದಲ್ಲಿ ಇಟ್ಟಿಗೆ ಬರೆದಿದ್ದಾನೆ, ಇಟ್ಟಿಗೆ.

ಅವಳ ಪತ್ರವೂ ಬಂದಿದೆ. ಕೆಲಸ ಚೆನ್ನಾಗಿದೆ, ಊಟ ಸೇರುತ್ತಿಲ್ಲ, ಕುಂಚ ದಿನಾ ಬಳಸುತ್ತೇನೆ. 'ಇಲ್ಲಿ ಬದಿಯಲ್ಲಿ ಬರೆದದ್ದನ್ನು ಯಾರೂ ನೋಡುವುದಿಲ್ಲ ಅತ್ತಿಗೆ, ಆದರೂ ಬರೆಯುತ್ತೇನೆ.'

ಒಂದು ಪ್ರತಿ ತೆಗೆದುಕೊಂಡು ಓಣಿಯ ಮೇಜಿಗೆ ಕೂತೆ. ಅವಳು ಬಿಟ್ಟುಹೋದ ನೀಲಿ ಪೆನ್ಸಿಲಿನ ತುಂಡು ಡಬ್ಬಿಯಲ್ಲಿತ್ತು. ಆ ಮಸಿಯವನಿಗೆ ಪುಟ ಪುಟದ ಬದಿಯಲ್ಲೂ ಬರೆದೆ. ಇಲ್ಲಿ ಒತ್ತಬೇಡಿ. ಇಲ್ಲಿ ಒತ್ತಿ. ಈ ರೆಪ್ಪೆಗೆ ಮೂರು ಕೂದಲಿನ ಕುಂಚ ಸಾಕು. ಈ ಗೋಡೆ ಅವಳು ನಿಮ್ಮ ಕೈಗೆ ಬಿಟ್ಟದ್ದು, ನಂಬಿ ಬಿಟ್ಟದ್ದು. ಇದು ಹೊಟ್ಟೆಕಿಚ್ಚಲ್ಲ, ಕೆಲಸ ಸರಿಯಾಗಲಿ ಎಂದು ಅಷ್ಟೇ.

ನಮ್ಮನೆಯವರು ಬಗ್ಗಿ ನೋಡಿದರು. "ಯಾರಿಗೆ?"

"ಕೈ ತಿಳೀದವನೊಬ್ಬನಿಗೆ. ನಾಳೆ ಹೋಗ್ತಾ ಅಂಚೆಗೆ ಹಾಕಿ."

ಡಮ್ಮಿಯಲ್ಲಿ ಇದೇ ಕೊನೆಯ ಹಾಳೆ. ಕೆಳಗಿನ ಅರ್ಧ ಹರಿದು ಅವನಿಗೆ ಕಳುಹಿಸುವ ಪುಸ್ತಕದೊಳಗೆ ಇಡುತ್ತೇನೆ. ಅದರಲ್ಲಿ ಎರಡೇ ಸಾಲು ಬರೆದಿದ್ದೇನೆ. ನೀಲಿಯಲ್ಲಿ ಅವಳು ಬರೆದದ್ದನ್ನು ಮೊದಲು ಓದಿ, ಆಮೇಲೆ ಕುಂಚ ಅದ್ದಿ. ನಾನು ತಡವಾಗಿ ಓದಿದೆ.